ಟೈಪ್ 1 ಮಧುಮೇಹ ಇರುವ ಮಗುವಿಗೆ ವರ್ಷವಿಡೀ ಸಿಜಿಎಂ ಸೆನ್ಸರ್ (ಚರ್ಮಕ್ಕೆ ಅಂಟಿಸಿ ಸಕ್ಕರೆ ಮಟ್ಟವನ್ನು ಸತತವಾಗಿ ಅಳೆಯುವ ಸಾಧನ) ಕೊಳ್ಳಲಾಗದು. ಆಗೊಮ್ಮೆ ಈಗೊಮ್ಮೆ ಹಾಕಿಸಿದರೆ ಪ್ರಯೋಜನವಿದೆಯೇ?

ಖಂಡಿತ ಇದೆ, ಆದರೆ ಯಾವಾಗ ಹಾಕಿಸುತ್ತೀರಿ ಎನ್ನುವುದು ಮುಖ್ಯ. 14 ದಿನ ಬಾಳುವ ಸೆನ್ಸರ್ ವರ್ಷಕ್ಕೆ 26 ಬೇಕು. ಬಹುತೇಕ ಮನೆಗಳಿಗೆ ಎಟುಕದ ಖರ್ಚು. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆಯ 2022ರ ಮಾರ್ಗಸೂಚಿ ಟೈಪ್ 1 ಇರುವ ಎಲ್ಲ ಮಕ್ಕಳಿಗೂ ಸಿಜಿಎಂ ಕೊಡಿ ಎನ್ನುತ್ತದೆ. ನಮ್ಮಲ್ಲಿ ಹೆಚ್ಚಿನವರು ಸ್ವಂತ ದುಡ್ಡು ಹಾಕಬೇಕು. ಮಕ್ಕಳ ಪಾಲಿಗೆ ಇದು ಅನ್ಯಾಯವೇ.

ವೈದ್ಯರ ಭೇಟಿಗೆ ಎರಡು ವಾರ ಮುಂಚೆ ಹಾಕಿಸಿ. ವರದಿ ನಂಬಲರ್ಹವಾಗಲು 14 ದಿನಗಳಲ್ಲಿ ಕನಿಷ್ಠ 70% ಮಾಹಿತಿ ಬೇಕು. ಫೋನ್ ಅಥವಾ ರೀಡರ್ ಹತ್ತಿರ ಹಿಡಿದು ಸ್ಕ್ಯಾನ್ ಮಾಡುವ ಮಾದರಿಯಲ್ಲಿ ಸೆನ್ಸರ್‌ನೊಳಗೆ ಕೊನೆಯ 8 ಗಂಟೆಯ ಅಂಕಿಗಳಷ್ಟೇ ಉಳಿಯುತ್ತವೆ. ಹಾಗಾಗಿ ಎದ್ದ ಕೂಡಲೇ, ಶಾಲೆಯಿಂದ ಬಂದಾಗ, ಮಲಗುವ ಮುನ್ನ ಸ್ಕ್ಯಾನ್ ತಪ್ಪಿಸಬೇಡಿ. ರಾತ್ರಿ ನಿದ್ದೆ ದೀರ್ಘವಾದರೆ ನಡುವೆ ಇನ್ನೊಮ್ಮೆ ಮಾಡಿ. ಊಟ, ಇನ್ಸುಲಿನ್ ಯೂನಿಟ್, ಆಟದ ಹೊತ್ತು ಬರೆದಿಡಿ. ಇವಿಲ್ಲದೆ ಬರೀ ಗ್ರಾಫ್ ನೋಡಿ ಡೋಸ್ ಬದಲಿಸುವುದು ಕಷ್ಟ.

ಮೊದಲ ದಿನದ ಅಂಕಿ ಅಷ್ಟು ನಿಖರವಲ್ಲ. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಒತ್ತಡಕ್ಕೆ ಸುಳ್ಳು ‘ಲೋ’ (ಸಕ್ಕರೆ ಕಡಿಮೆ ಎಂಬ ಅಂಕಿ) ಬರುತ್ತದೆ. 70 mg/dL ಗಿಂತ ಕೆಳಗೆ ತೋರಿಸಿದರೆ ಬೆರಳು ಚುಚ್ಚಿ ಗ್ಲೂಕೋಮೀಟರ್‌ನಲ್ಲಿ ನೋಡಿ. ಮಗು ಬೆವರಿ ನಡುಗುತ್ತಿದ್ದರೆ ಕಾಯದೆ ಗ್ಲೂಕೋಸ್ ಕೊಡಿ.

ಸೆನ್ಸರ್‌ಗೆಂದು ಇನ್ಸುಲಿನ್, ಸ್ಟ್ರಿಪ್ ದುಡ್ಡಿಗೆ ಮಾತ್ರ ಕೈ ಹಾಕಬೇಡಿ.