ಬಾಕ್ಸ್ ಕೊಡದೆ ಸೋಟೊನನ್ನು ಕಳೆದುಕೊಂಡರಾ?

ಪ್ರಶ್ನೆ: ಸಾರ್, ನ್ಯೂಜೆರ್ಸಿಯಲ್ಲಿರುವ ನನ್ನ ಅಳಿಯಂದಿರಿಗೆ ಯಾಂಕೀಸ್ ಬೇಸ್‌ಬಾಲ್ ತಂಡ ಅಂದ್ರೆ ಹುಚ್ಚು. ಹುವಾನ್ ಸೋಟೊ ಅನ್ನೋ ಆಟಗಾರ ಸ್ಟೇಡಿಯಂನಲ್ಲಿ ಒಂದು ಬಾಕ್ಸ್ (ಮನೆಯವರು ಕೂತು ಆಟ ನೋಡುವ ಖಾಸಗಿ ಕೋಣೆ) ಕೊಡಲಿಲ್ಲ ಅಂತ ತಂಡ ಬಿಟ್ಟನಂತೆ. ಈಗಲೂ ಬೈತಾರೆ. ಅಷ್ಟಕ್ಕೇ ಹೋಗ್ತಾರಾ? ಅಲ್ಲಿ ಐಪಿಎಲ್ ಥರ ಹರಾಜು ಇಲ್ವಾ?
– ಓದುಗರು, ತಿಪಟೂರು

ಉತ್ತರ: ಹರಾಜು ಇಲ್ಲ. ಐಪಿಎಲ್‌ನಲ್ಲಿ ಯಾರು ಜಾಸ್ತಿ ಕೂಗಿದರೋ ಆ ಊರಿಗೆ ಆಟಗಾರ ಗಂಟುಮೂಟೆ ಕಟ್ಟಬೇಕು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸರ್ವಿಸ್ ಮುಗಿದು, ಒಪ್ಪಂದವೂ ತೀರಿದರೆ ಆಟಗಾರ ತನಗೆ ಬೇಕಾದ ತಂಡ ಸೇರಬಹುದು.

ಸೋಟೊ ಆ ದಿನಕ್ಕೇ ಕಾದು ಕೂತಿದ್ದ. 2022ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡ್ತೀವಿ ಅಂದಾಗ, 23ರ ಹುಡುಗ ಬೇಡ ಅಂದ. ಎದೆಗಾರಿಕೆ ನೋಡಿ! ತಂಡದವರು ಅವನನ್ನು ಸ್ಯಾನ್ ಡಿಯಾಗೋ ತಂಡಕ್ಕೆ ಕೊಟ್ಟರು. ಅಲ್ಲಿಂದ ಯಾಂಕೀಸ್‌ಗೆ ಬಂದು 2024ರ ಒಂದು ಸೀಸನ್ ಆಡಿದ.

ಆಮೇಲೆ ಶುರುವಾಯಿತು ಏಜೆಂಟ್ ಸ್ಕಾಟ್ ಬೋರಾಸ್ ಆಟ. ಸೈಟು ತೋರಿಸುವ ಬ್ರೋಕರ್ 'ಇನ್ನೊಂದು ಪಾರ್ಟಿ ರೆಡಿ ಇದೆ ಸಾರ್' ಅನ್ನಲ್ವಾ, ಹಾಗೆ. ಆದರೆ ಇಲ್ಲಿ ಪಾರ್ಟಿಗಳು ನಿಜವಾಗಿಯೂ ಇದ್ದವು: ಮೆಟ್ಸ್, ಯಾಂಕೀಸ್, ರೆಡ್ ಸಾಕ್ಸ್, ಬ್ಲೂ ಜೇಸ್, ಡಾಡ್ಜರ್ಸ್. ಅದರಲ್ಲೂ ಮೆಟ್ಸ್ ಮಾಲೀಕ ಸ್ಟೀವ್ ಕೋಹೆನ್ ಹೆಜ್ ಫಂಡ್ ಕುಬೇರ. ಅಂಥವರೊಬ್ಬರು ಸಾಲಿನಲ್ಲಿದ್ದರೆ ಉಳಿದವರ ಲೆಕ್ಕವೆಲ್ಲ ತಲೆಕೆಳಗು.

ಬಾಕ್ಸ್ ವಿಷಯ ಸುಳ್ಳಲ್ಲ. ಕೊನೆಗೆ ಸೋಟೊ ಸೇರಿದ ಮೆಟ್ಸ್ ಅದನ್ನು ಬಿಟ್ಟಿ ಕೊಟ್ಟಿತು. ನಮ್ಮಲ್ಲಿ ಆರನ್ ಜಡ್ಜ್, ಡೆರೆಕ್ ಜೀಟರ್ ಅಂಥ ದೊಡ್ಡ ತಾರೆಯರೂ ದುಡ್ಡು ಕೊಟ್ಟೇ ತಗೊಂಡಿದ್ದಾರೆ ಎಂದರು ಯಾಂಕೀಸ್‌ನ ಜನರಲ್ ಮ್ಯಾನೇಜರ್ ಬ್ರಯಾನ್ ಕ್ಯಾಶ್‌ಮನ್. ನನ್ನನ್ನು ಕೇಳಿದರೆ ಅವರು ಮಾಡಿದ್ದು ಸರಿ. ಹೊಸಬನಿಗೆ ಪುಕ್ಕಟೆ ಕೊಟ್ಟು ನಾಯಕ ಜಡ್ಜ್ ಮುಖ ನೋಡೋದು ಹೇಗೆ?

ಆದರೆ ಅಳಿಯಂದಿರು ಒಂದು ಭಾಗಾಕಾರ ಮಾಡಲಿ. ಯಾಂಕೀಸ್ ಕೊಡಲು ಬಂದದ್ದು 16 ವರ್ಷಕ್ಕೆ 76 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಮೆಟ್ಸ್ ಕೊಟ್ಟದ್ದು 15 ವರ್ಷಕ್ಕೆ 76.5 ಕೋಟಿ, ಅಂದರೆ ಸುಮಾರು 6,500 ಕೋಟಿ ರೂಪಾಯಿ. ಒಟ್ಟು ಮೊತ್ತದಲ್ಲಿ ವ್ಯತ್ಯಾಸ ಬರೀ 50 ಲಕ್ಷ ಡಾಲರ್. ವರ್ಷದ ಲೆಕ್ಕಕ್ಕೆ ಬನ್ನಿ: ಒಂದು ಕಡೆ 4.75 ಕೋಟಿ, ಇನ್ನೊಂದು ಕಡೆ 5.1 ಕೋಟಿ. ಬಾಕ್ಸ್ ಯಾವ ಲೆಕ್ಕ?

ದುಡ್ಡನ್ನು ಎಷ್ಟೋ ವರ್ಷ ಬಿಟ್ಟು ಕೊಡ್ತೀವಿ ಅಂತ ಬಾಕಿ ಇಡುವ ಮಾತೂ ಮೆಟ್ಸ್ ಒಪ್ಪಂದದಲ್ಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಡಾಡ್ಜರ್ಸ್ ಜೊತೆ 70 ಕೋಟಿಗೆ ಸಹಿ ಹಾಕಿದ ಶೊಹೈ ಒಹ್ತಾನಿ, ಅದರಲ್ಲಿ 68 ಕೋಟಿಯನ್ನು 2034ರಿಂದ, ಬಡ್ಡಿಯೂ ಇಲ್ಲದೆ, ತಗೊಳ್ತೀನಿ ಅಂದಿದ್ದ. ಉಳಿದ ದುಡ್ಡಲ್ಲಿ ಬೇರೆ ಒಳ್ಳೆ ಆಟಗಾರರನ್ನು ತನ್ನಿ ಅನ್ನೋದು ಅವನ ಲೆಕ್ಕ.

ಅಳಿಯಂದಿರಿಗೆ ಇನ್ನೂ ಆಸೆ ಇದ್ದರೆ, ಐದು ಸೀಸನ್ ಆದಮೇಲೆ ಸೋಟೊ ಬಿಟ್ಟು ಹೋಗಬಹುದು ಎಂಬ ಷರತ್ತಿದೆ. ಆದರೆ ಮೆಟ್ಸ್ ಉಳಿದ ಹತ್ತು ವರ್ಷಕ್ಕೆ ವರ್ಷಕ್ಕೆ 40 ಲಕ್ಷ ಡಾಲರ್ ಜಾಸ್ತಿ ಕೊಡಲು ಒಪ್ಪಿದರೆ, ಅದೂ ರದ್ದು.