ಬರೆ ಬಿರುಕು, ಬಾವಿಗೆ ನೆರೆನೀರು: ಕೊಡಗಿನ ಓದುಗರ ಮಳೆಗಾಲದ ಪ್ರಶ್ನೆಗಳು

ಪ್ರಶ್ನೆ: ಅಂಗಳ ಅಗಲ ಮಾಡಲು ಮನೆಯ ಹಿಂದಿನ ಬರೆಯನ್ನು (ಗುಡ್ಡದ ಮಣ್ಣಿನ ದಿಬ್ಬವನ್ನು) ಹನ್ನೆರಡು ಅಡಿ ಎತ್ತರಕ್ಕೆ ನೆಟ್ಟಗೆ ಕಡಿಸಿದ್ದೇವೆ. ಮೇಲೆ ಕಾಫಿ ತೋಟ, ಅಲ್ಲಲ್ಲಿ ಇಂಗುಗುಂಡಿ. ಈಗ ಬರೆಯ ಅಂಚಿನಿಂದ ಎಂಟು ಅಡಿ ಹಿಂದೆ ನೆಲದಲ್ಲಿ ಉದ್ದನೆಯ ಬಿರುಕು ಕಾಣುತ್ತಿದೆ. ಮಣ್ಣು ಮುಚ್ಚಿದರೆ ಸಾಕೆ? (ಮಡಿಕೇರಿ ತಾಲೂಕು)

ಉತ್ತರ: ಸಾಲದು. ಬಿರುಕು ಬರೆಯ ಅಂಚಿಗೆ ಸಮಾನಾಂತರವಾಗಿದ್ದು, ಎರಡೂ ತುದಿ ಮನೆಯ ಕಡೆಗೆ ಬಾಗಿದ್ದರೆ ಅದರ ಮುಂದಿನ ಮಣ್ಣು ಆಗಲೇ ಸಡಿಲವಾಗಿದೆ ಎಂದೇ ತಿಳಿಯಿರಿ. ಬಿರುಕಿನ ಎರಡೂ ಬದಿಗೆ, ಅದರಿಂದ ಒಂದೊಂದು ಅಡಿ ದೂರದಲ್ಲಿ ಗೂಟ ಹೊಡೆದು, ತಲೆಗೆ ಮೊಳೆ ಬಡಿಯಿರಿ. ಮೊಳೆಯಿಂದ ಮೊಳೆಗೆ ಅಳೆದು ದಿನಾಂಕದೊಂದಿಗೆ ಬರೆದಿಡಿ. ಇಂಥ ಜೋಡಿ ಮೂರು ಕಡೆ ಇರಲಿ. ಮಳೆ ಜೋರಿದ್ದಾಗ ದಿನಕ್ಕೆರಡು ಸಲ ಅಳೆಯಿರಿ, ಆದರೆ ಬಿರುಕಿನ ಮೇಲ್ಬದಿಯಲ್ಲೇ ನಿಂತು. ಅಂತರ ಹೆಚ್ಚುತ್ತಿದ್ದರೆ ಅಂದೇ, ಬೆಳಕಿರುವಾಗಲೇ ಮನೆ ಬಿಡಿ.

ಮಳೆ ಬಿಡುವು ಕೊಟ್ಟಾಗ ಬಿರುಕಿಗೆ ಜೇಡಿಮಣ್ಣು ತುಂಬಿ, ದಮ್ಮಸು ಮಾಡಿ, ನೀರು ನಿಲ್ಲದಂತೆ ಮೇಲೆ ಸ್ವಲ್ಪ ಉಬ್ಬು ಬಿಡಿ. ಅದರ ಮೇಲೆ ಟಾರ್ಪಾಲು ಹಾಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಬರೆಯ ಮುಖಕ್ಕೆ ಮಾತ್ರ ಟಾರ್ಪಾಲು ಇಳಿಬಿಟ್ಟು ಬಿರುಕನ್ನು ತೆರೆದೇ ಬಿಡುತ್ತಾರೆ. ಆಗ ನೀರು ಹಿಂದಿನಿಂದ ಇಳಿದು ಒಳಗಿನಿಂದಲೇ ಬರೆಯನ್ನು ನೂಕುತ್ತದೆ. ಟಾರ್ಪಾಲಿನ ಮೇಲಂಚು ಬಿರುಕಿಗಿಂತ ನಾಲ್ಕೈದು ಅಡಿ ಮೇಲಿರಲಿ, ಅಂಚನ್ನು ಸಣ್ಣ ಕಾಲುವೆಯಲ್ಲಿ ಹೂತು ಮಣ್ಣು ಮುಚ್ಚಿ. ಹಾರದಿರಲೆಂದು ಬರೆಯ ಅಂಚಿಗೆ ಕಲ್ಲು ಪೇರಿಸಬೇಡಿ, ಅಲ್ಲಿ ಭಾರ ಹೆಚ್ಚಬಾರದು.

ಟಾರ್ಪಾಲಿಗಿಂತಲೂ ಮೇಲೆ, ಇಳಿಜಾರಿಗೆ ಅಡ್ಡವಾಗಿ ಅಡಿ ಅಗಲ, ಅಡಿ ಆಳದ ಚರಂಡಿ ತೆಗೆದು, ತೋಟದ ನೀರನ್ನು ಮನೆಯ ಪಕ್ಕಕ್ಕೆ ಸಾಗಿಸಿ ಹಳ್ಳಕ್ಕೆ ಸೇರಿಸಿ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ. ನೀರು ನಿಲ್ಲುವ ಚರಂಡಿ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ, ಏಕೆಂದರೆ ನಿಂತ ನೀರೆಲ್ಲ ಬರೆಯೊಳಗೇ ಇಳಿಯುತ್ತದೆ. ಇಂಗುಗುಂಡಿಯ ಮಾತೂ ಇದೇ. ಬಯಲಿನಲ್ಲಿ ಅದು ಒಳ್ಳೆಯ ಕೆಲಸ. ಮನೆಯ ನೆತ್ತಿಯ ಮೇಲಿನ ಕಡಿದಾದ ಜಾಗದಲ್ಲಿ ಬೇಡವೇ ಬೇಡ, ಅವನ್ನು ಈಗಲೇ ಮುಚ್ಚಿಸಿ. 2018ರ ಕುಸಿತಗಳ ನಂತರ ಅಧ್ಯಯನ ನಡೆಸಿದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಮಳೆಯ ಜೊತೆಗೆ, ಮನೆ ಮತ್ತು ರಸ್ತೆಗಾಗಿ ಇಳಿಜಾರು ಕಡಿದದ್ದನ್ನೂ ಕಾರಣವಾಗಿ ಹೇಳಿದ್ದರು.

ಬೇಸಿಗೆಯಲ್ಲಿ ತಡೆಗೋಡೆ ಕಟ್ಟಿಸುವುದಾದರೆ ಎಂಜಿನಿಯರರಿಗೆ ತೋರಿಸಿಯೇ ಕಟ್ಟಿಸಿ. ಗೋಡೆಯಲ್ಲಿ ಸುಮಾರು ಐದೈದು ಅಡಿಗೆ ಒಂದರಂತೆ ನಾಲ್ಕು ಇಂಚಿನ ಪಿವಿಸಿ ಪೈಪು, ಗೋಡೆಯ ಬೆನ್ನಿಗೆ ಒಂದಡಿ ದಪ್ಪ ಜಲ್ಲಿ ಇರಲೇಬೇಕು. ಗೋಡೆಗಳು ಬೀಳುವುದು ಹೆಚ್ಚಾಗಿ ಹಿಂದೆ ಕಟ್ಟಿಕೊಂಡ ನೀರಿನ ಒತ್ತಡಕ್ಕೆ. ಸದಾ ನೀರು ಸುರಿಯುವ ಪೈಪು ಜಡಿಮಳೆಯಲ್ಲಿ ಒಣಗಿದ್ದರೆ ಖುಷಿಪಡಬೇಡಿ, ಅದು ಕಟ್ಟಿಕೊಂಡಿದೆ.

ಈ ಮಳೆಗಾಲ ಮುಗಿಯುವವರೆಗೆ ಬರೆಯ ಪಕ್ಕದ ಕೋಣೆಯಲ್ಲಿ ಯಾರೂ ಮಲಗಬೇಡಿ.

ಪ್ರಶ್ನೆ: ರೆಡ್ ಅಲರ್ಟ್ ಇದ್ದ ದಿನ ನಮ್ಮಲ್ಲಿ ಸಾಧಾರಣ ಮಳೆ, ಇಲ್ಲದ ದಿನ ಎಡೆಬಿಡದ ಮಳೆ. ಯಾವುದನ್ನು ನಂಬಿ ಮನೆ ಬಿಡುವುದು? (ಸೋಮವಾರಪೇಟೆ ತಾಲೂಕು)

ಉತ್ತರ: ಅಲರ್ಟ್ ಇಡೀ ಜಿಲ್ಲೆಗೆ ಕೊಡುವಂಥದ್ದು. ನಿಮ್ಮ ಗುಡ್ಡದ ಲೆಕ್ಕ ನಿಮ್ಮ ಮಳೆಮಾಪಕದಲ್ಲಿದೆ. ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ (ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟ್) ಬರೆದಿಡುವ ರೂಢಿ ಇದ್ದೇ ಇದೆ. ಹವಾಮಾನ ಇಲಾಖೆಯ ಅಳತೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ. 24 ಗಂಟೆಯಲ್ಲಿ 64.5 ಮಿ.ಮೀ. ಅಂದರೆ 2 ಇಂಚು 54 ಸೆಂಟ್ ದಾಟಿದರೆ ಭಾರಿ ಮಳೆ, 115.6 ಮಿ.ಮೀ., ಅಂದರೆ 4 ಇಂಚು 55 ಸೆಂಟ್‌ನಿಂದ ಅತಿ ಭಾರಿ, 204.4 ಮಿ.ಮೀ., ಅಂದರೆ 8 ಇಂಚು 5 ಸೆಂಟ್ ಮೀರಿದರೆ ಅತ್ಯಂತ ಭಾರಿ. ಇಲಾಖೆಯಂತೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಲೆಕ್ಕ ಹಿಡಿಯಿರಿ. ಮಾಪಕವಿಲ್ಲದಿದ್ದರೆ ಬುಡದಿಂದ ಬಾಯಿವರೆಗೆ ಒಂದೇ ಅಗಲದ ಡಬ್ಬಿ, ಒಂದು ಸ್ಕೇಲು ಸಾಕು. ಸೂರಿನ ನೀರು, ಮರದ ಹನಿ ಬೀಳದ ಕಡೆ ಇಡಿ.

ಒಂದು ದಿನದ ಅಂಕಿಯೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. 2018ರ ಮಕ್ಕಂದೂರು, 2019ರ ತೋರ, 2020ರ ತಲಕಾವೇರಿ, ಮೂರೂ ಕುಸಿತಗಳಾದದ್ದು ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ಸುಮಾರಿಗೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ನೀರು ಕುಡಿದು ತುಂಬಿದ ಮಣ್ಣು ಆಮೇಲಿನ ದೊಡ್ಡ ಮಳೆಯನ್ನು ತಾಳಲಾರದು. ಜೂನ್‌ನಲ್ಲಿ ಏನೂ ಮಾಡದ ಐದು ಇಂಚು ಆಗಸ್ಟ್‌ನಲ್ಲಿ ಗುಡ್ಡ ಇಳಿಸಬಹುದು. ಹಾಗಾಗಿ ಹಿಂದಿನ ದಿನಗಳ ಮಳೆಯನ್ನೂ ಕೂಡಿಸಿ ನೋಡಿ.

ಇನ್ನು ಕೆಲವು ಗುರುತುಗಳು ಕಂಡರೆ ಅಂಕಿ ನೋಡುತ್ತ ಕೂರಬೇಡಿ: ಇಲ್ಲದ ಕಡೆ ಜಲ ಏಳುವುದು, ತಿಳಿಯಾಗಿದ್ದ ಒರತೆ ಕೆಂಪಾಗುವುದು, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಸಿಲ್ವರ್ ಓಕ್ ಮರಗಳು ವಾಲುವುದು. ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಥಟ್ಟನೆ ಇಳಿದರೆ ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿದೆ. ಅದು ಒಡೆದರೆ ಒಟ್ಟಿಗೆ ನುಗ್ಗುತ್ತದೆ. ಹಳ್ಳದ ಉದ್ದಕ್ಕೆ ಓಡದೆ ಬದಿಯ ದಿಬ್ಬ ಹತ್ತಿ. ಆಮೇಲೆ 112ಕ್ಕೋ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೋ ಕರೆ ಮಾಡಿ.

ಪ್ರಶ್ನೆ: ಕಾವೇರಿ ಉಕ್ಕಿ ಬಾವಿಗೆ ನೆರೆನೀರು ಸೇರಿತ್ತು. ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು? (ಕುಶಾಲನಗರ)

ಉತ್ತರ: ಮೊದಲು ನೀರಿನ ಲೆಕ್ಕ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ಸಾಮಾನ್ಯ ದಿನಗಳಲ್ಲಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ ಸಾಕು. ನೆರೆನೀರು ಸೇರಿದ್ದರೆ ಐದು ಗ್ರಾಂ, ಅಂದರೆ ಈ ಬಾವಿಗೆ ಸುಮಾರು 47 ಗ್ರಾಂ.

ಪುಡಿಯನ್ನು ನೇರವಾಗಿ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಬೆರೆಸಿ ಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ, ಹತ್ತು ನಿಮಿಷ ಬಿಡಿ. ತಳದಲ್ಲಿ ಸುಣ್ಣ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು, ಬಾವಿಯ ನೀರಿನೊಳಗೆ ಇಳಿಸಿ, ಹಗ್ಗವನ್ನು ಮೇಲೆ ಕೆಳಗೆ ಆಡಿಸಿ ಕಲಕಿ. ಸುಣ್ಣದ ಗಸಿ ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ಕನಿಷ್ಠ ಒಂದು ಗಂಟೆ ನೀರು ಸೇದಬೇಡಿ. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಇನ್ನೂ ಒಳ್ಳೆಯದು. ಒಂದು ಗಂಟೆಯ ಬಳಿಕ ಕ್ಲೋರಿನ್ ವಾಸನೆ ಸ್ವಲ್ಪವೂ ಇಲ್ಲದಿದ್ದರೆ ಪುಡಿ ಹಳತಾಗಿದೆ, ಇಲ್ಲವೆ ನೀರಿನಲ್ಲಿ ಕೆಸರು ಹೆಚ್ಚಿದೆ. ಕೆಸರು ತಳ ಸೇರುವವರೆಗೆ ಕಾದು ಮತ್ತೆ ಹಾಕಿ. ಕುಡಿಯುವ ನೀರನ್ನು ಅಲ್ಲಿವರೆಗೂ, ಆಮೇಲೂ ಕೊತಕೊತ ಕುದಿಸಿಯೇ ಕುಡಿಯಿರಿ.

ಪಂಪು ಹಚ್ಚಿ ಬಾವಿಯನ್ನು ಒಮ್ಮೆಲೇ ಬರಿದು ಮಾಡಬೇಡಿ. ಸುತ್ತಲ ಮಣ್ಣು ನೆನೆದಿರುವಾಗ ಒಳಗಿನ ನೀರಿನ ಆಸರೆ ತಪ್ಪಿದರೆ ಬಾವಿಯ ಸುತ್ತುಗೋಡೆ ಒಳಕ್ಕೆ ಕುಸಿಯುತ್ತದೆ.

ಪ್ರಶ್ನೆ: ಹೊರಡುವಾಗ ಏನೇನು ಒಯ್ಯಬೇಕು? ದನಗಳನ್ನೇನು ಮಾಡುವುದು? (ವಿರಾಜಪೇಟೆ ತಾಲೂಕು)

ಉತ್ತರ: ಆರ್‌ಟಿಸಿ (ಜಮೀನಿನ ಪಹಣಿ), ಆಧಾರ್, ಪಾಸ್‌ಪುಸ್ತಕಗಳನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದೇ ಚೀಲದಲ್ಲಿಡಿ. ಜೊತೆಗೆ ಒಂದು ವಾರದ ಬಿಪಿ, ಶುಗರ್ ಮಾತ್ರೆ, ಟಾರ್ಚು, ಪವರ್ ಬ್ಯಾಂಕು, ಸ್ವಲ್ಪ ನಗದು. ಕರೆಂಟಿಲ್ಲದಿದ್ದರೆ ಫೋನಿನಲ್ಲಿ ಹಣ ಕಳಿಸಲಾಗದು. ಹೊರಡುವ ಮುನ್ನ ಮೇನ್ ಸ್ವಿಚ್ ಆರಿಸಿ, ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ಸ್ವಿಚ್ ಇರುವಲ್ಲಿ ಆಗಲೇ ನೀರು ನಿಂತಿದ್ದರೆ ಅದನ್ನು ಮುಟ್ಟಬೇಡಿ.

ದನಗಳನ್ನು ಸಾಧ್ಯವಾದರೆ ಹಿಂದಿನ ದಿನವೇ ಎತ್ತರದ ಕಡೆ ಸಾಗಿಸಿ. ಆಗದಿದ್ದರೆ ಕೊಟ್ಟಿಗೆಯ ಬಾಗಿಲು ತೆಗೆದು, ಕೊರಳ ಹಗ್ಗವನ್ನು ಪೂರ್ತಿ ಕಳಚಿ. ಗೂಟದಿಂದ ಮಾತ್ರ ಬಿಚ್ಚಿದರೆ ಇಳಿಬಿದ್ದ ಹಗ್ಗ ಬೇಲಿಗೋ ಬೇರಿಗೋ ಸಿಕ್ಕಿಕೊಂಡು ದನ ನೀರಿನಲ್ಲೇ ಸಾಯುತ್ತದೆ.