ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್: ಮಗುವಿಗೆ ತುಳು ಯಾವ ವಯಸ್ಸಿನಿಂದ ಕಲಿಸಬೇಕು?

ಮಗುವಿಗೆ ಮೂರು ಭಾಷೆ ಒಟ್ಟಿಗೆ ಹೊರೆ, ಕನ್ನಡ, ಇಂಗ್ಲಿಷ್ ಗಟ್ಟಿಯಾದ ಮೇಲೆ ತುಳು ಶುರು ಮಾಡೋಣ, ತುಳುವಿಗಾಗಿ ಸರಕಾರವೂ ಏನೂ ಮಾಡಲಿಲ್ಲ ಅಂತ ಬರೆದು ಕೇಳಿದ್ದೀರಲ್ಲ, ಹದಿಮೂರು ವರ್ಷದ ಹಿಂದೆ ನಾನೂ ಹೀಗೇ ಅಂದಿದ್ದೆ.

ಬೆಂಗಳೂರು, ಬಾಡಿಗೆ ಮನೆ. ನಾನು ಪುತ್ತೂರಿನ ಕಡೆಯವನು, ಹೆಂಡತಿ ತುಮಕೂರಿನವಳು. ಮಗಳಿಗೆ ಮೂರು ತುಂಬಿದರೂ ಮಾತು ಕಮ್ಮಿ. "ಮನೇಲಿ ಒಂದೇ ಭಾಷೆ ಇಟ್ಕೊಳ್ಳಿ, ಮಗು ಕನ್‌ಫ್ಯೂಸ್ ಆಗ್ತಿದೆ" ಅಂದರು ಶಿಶುವಿಹಾರದ ಮಿಸ್ಸು. ತಲೆಯಾಡಿಸಿ ಬಂದೆವು. ಆದರೆ ಮನೆ ಕೆಡಿಸಿದ್ದು ಮಿಸ್ಸಿನ ಮಾತಲ್ಲ ಮಾರಾಯ್ರೆ, ನನ್ನ ಬಾಯಿ.

ನಮ್ಮಮ್ಮ ವರ್ಷಕ್ಕೆ ನಾಲ್ಕು ತಿಂಗಳು ನಮ್ಮಲ್ಲಿ ಇರುತ್ತಿದ್ದರು. ಅವರ ಕನ್ನಡ ಯಕ್ಷಗಾನದ ಗ್ರಾಂಥಿಕ ಕನ್ನಡ; ಮೊಮ್ಮಗಳನ್ನು ಊಟಕ್ಕೆ ಕರೆದರೂ ಅರ್ಥಗಾರಿಕೆ ಮಾಡಿದ ಹಾಗೆ. ಹಾಗಾಗಿ ತುಳುವಿನಲ್ಲೇ ಮಾತು. ಅವರು "ಉಣಸ್ ಆಂಡಾ?" ಅನ್ನುವಷ್ಟರಲ್ಲಿ ನಾನು "ಊಟ ಆಯ್ತಾ ಅಂತಿದಾರೆ". ಅವರು "ಬರ್ಸ ಬರ್ಪುಂಡು" ಅಂದರೆ ನಾನು "ಮಳೆ ಬರ್ತಿದೆಯಂತೆ". ಬರಬರುತ್ತಾ ಅಜ್ಜಿ ಬಾಯಿ ತೆರೆದರೆ ಮಗಳು ನನ್ನ ಮುಖ ನೋಡತೊಡಗಿದಳು.

ಸಣ್ಣ ವಿಷಯ ಅಂತ ಕಾಣಬಹುದು. ಅಲ್ಲ. ಅರ್ಥವಾಗದೆ ಪೇಚಾಡುವ ಆ ಎರಡು ಮೂರು ಸೆಕೆಂಡಿನಲ್ಲೇ ಮಗು ಭಾಷೆ ಕಲಿಯುವುದು. ಅಜ್ಜಿ ಕೈಯಲ್ಲಿ ತಟ್ಟೆ ಇದೆ, ದನಿಯಲ್ಲಿ ಪ್ರಶ್ನೆ ಇದೆ, ಊಟದ್ದೇ ಇರಬೇಕು ಅಂತ ಅದೇ ಊಹಿಸಬೇಕು, ತಪ್ಪಬೇಕು, ಅಜ್ಜಿ ನಗಬೇಕು. ಆ ಸೆಕೆಂಡುಗಳನ್ನು ಆರು ವರ್ಷ ದಿನಾ ನಾನು ಕಿತ್ತುಕೊಂಡೆ. ತುಳುವಿನ ಜಾಗದಲ್ಲಿ ಅವಳಿಗೆ ಸಿಕ್ಕಿದ್ದು ಒಬ್ಬ ದುಭಾಷಿ.

ಅವಳಿಗೆ ಒಂಬತ್ತಾಗಿದ್ದಾಗ ಏಪ್ರಿಲ್ ರಜೆಗೆ ಅಪ್ಪ ಮಗಳು ಇಬ್ಬರೇ ಊರಿಗೆ ಹೋಗಿದ್ದೆವು. ಅಜ್ಜಿಯ ಪಕ್ಕದಲ್ಲಿ ಮಲಗಿದ್ದಳು. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವತ್ತು ಮಾತ್ರೆ ನುಂಗಿ ಸರಿಯಾಗಿ ಉಂಡಿರಲಿಲ್ಲ. ನಡುರಾತ್ರಿ ಸಕ್ಕರೆ ಇಳಿದು ಮೈಯೆಲ್ಲ ಬೆವರಿ ಮೊಮ್ಮಗಳನ್ನು ಎಬ್ಬಿಸಿ "ಅಮ್ಮೆರೆನ್ ಲೆಪ್ಪು" ಅಂದಿದ್ದಾರೆ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆರ್ ಅಂದರೆ ತಂದೆ, ಲೆಪ್ಪು ಅಂದರೆ ಕರೆ. ಕನ್ನಡದ ಕಿವಿಗೆ ಕೇಳಿಸಿದ್ದು ಅಮ್ಮ. ಅವಳು ಅಜ್ಜಿಯ ಮೊಬೈಲಿನಿಂದ ಬೆಂಗಳೂರಿಗೆ, ಅವಳಮ್ಮನಿಗೆ ಫೋನು ಮಾಡಿದಳು. ನಾನು ಹತ್ತು ಹೆಜ್ಜೆ ಆಚೆ ಚಾವಡಿಯಲ್ಲಿ ಗೊರಕೆ ಹೊಡೆಯುತ್ತಿದ್ದೆ. ಹೆಂಡತಿ ಎದ್ದು, ಫೋನು ಎತ್ತಿ, ವಿಷಯ ತಿಳಿದು ನನ್ನನ್ನು ಎಬ್ಬಿಸುವಾಗ ಇಪ್ಪತ್ತು ನಿಮಿಷ ಕಳೆದಿತ್ತು. ಬೆಲ್ಲದ ನೀರು ಕುಡಿಸಿದೆ, ಸುಧಾರಿಸಿಕೊಂಡರು. ಬೆಳಿಗ್ಗೆ ಅಮ್ಮ ಯಾರನ್ನೂ ಏನೂ ಅನ್ನಲಿಲ್ಲ. ಅವತ್ತಿನಿಂದ ಮೊಮ್ಮಗಳ ಹತ್ತಿರ ಪದ ಹುಡುಕಿ ಹುಡುಕಿ ಕನ್ನಡವನ್ನೇ ಆಡತೊಡಗಿದರು. ಬೈದಿದ್ದರೆ ಇಷ್ಟು ತಾಗುತ್ತಿರಲಿಲ್ಲ.

ಹಾಗಾಗಿ ವಯಸ್ಸಿನ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂರು ಭಾಷೆ ಹೊರೆ ಅನ್ನುವುದನ್ನೂ. ನಮ್ಮೂರ ಪೇಟೆಯಲ್ಲಿ ತರಕಾರಿ ಅಂಗಡಿಯ ಹುಡುಗ ತುಳು, ಬ್ಯಾರಿ, ಕನ್ನಡ, ಕೊಂಕಣಿ ನಾಲ್ಕರಲ್ಲೂ ಚೌಕಾಸಿ ಮಾಡುತ್ತಾನೆ, ಒಂದರಲ್ಲೂ ಐದು ರೂಪಾಯಿ ಬಿಡುವುದಿಲ್ಲ.

ಸರಕಾರ ಏನೂ ಮಾಡಲಿಲ್ಲ ಅಂತಲೂ ಬರೆದಿದ್ದೀರಿ. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ತುಳು ಇಲ್ಲ, ನಿಜ, ಸೇರಲಿ. ತುಳು-ತಿಗಳಾರಿ ಲಿಪಿ 2024ರಲ್ಲಿ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯುನಿಕೋಡಿಗೆ ಬಂತು, ಸಂತೋಷ. ಆದರೆ 2011ರ ಜನಗಣತಿಯ 18 ಲಕ್ಷ ಚಿಲ್ಲರೆ ತುಳುವರಲ್ಲಿ ನನ್ನ ಮಗಳೂ ಒಬ್ಬಳು. ತಾಯ್ನುಡಿ ತುಳು ಅಂತ ನಾನೇ ಬರೆಸಿದ್ದೆ. ಬರೆಸಿದ ಮಾತ್ರಕ್ಕೆ ನಾಲಿಗೆಗೆ ಬಂತೇ? (ಕನ್ನಡ ನಮ್ಮನ್ನು ನುಂಗಿತು ಅಂತ ದೂರುವವರು ನಮ್ಮ ಕರಾವಳಿಯ ಆದಿವಾಸಿಗಳಾದ ಕೊರಗರನ್ನು ಒಮ್ಮೆ ಕೇಳಿ. ಅವರದ್ದೇ ಒಂದು ನುಡಿಯಿದೆ, ಅದನ್ನು ನುಂಗುತ್ತಿರುವುದು ನಮ್ಮ ತುಳುವೇ.)

ನನ್ನನ್ನು ಕೇಳಿದರೆ, ಕ್ಲಾಸು ಬೇಡ, ಆ್ಯಪು ಬೇಡ. ತುಳು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರ ಮತ್ತು ಮಗುವಿನ ಮಧ್ಯೆ ಬಾಯಿ ಹಾಕಬೇಡಿ. ಇಲ್ಲದಿದ್ದರೆ ನೀವೇ ಇವತ್ತು ಸಂಜೆಯಿಂದ ತುಳುವಿನಲ್ಲಿ ಗದರಿ, ಮುದ್ದು ಮಾಡಿ, ತರ್ಜುಮೆ ಮಾತ್ರ ಬೇಡ.

ಮಗನಿಗೆ ಈಗ ಆರು. ಅಜ್ಜಿ ಅವನ ಹತ್ತಿರ ಮಾತು ತೆಗೆದರೆ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತೇನೆ. ಮೊನ್ನೆ ಅಡುಗೆಮನೆಯಲ್ಲಿ ಹೆಂಡತಿ "ಏನಂದ್ರು?" ಅಂದಾಗ ಅವನೇ ಹೇಳಿದ: "ಗುಜ್ಜೆ, ಅಂದ್ರೆ ಎಳೆ ಹಲಸಿನಕಾಯಿ, ಕೊಯ್ಯುವ ಮೊದಲು ಕೈಗೆ ಎಣ್ಣೆ ಹಚ್ಕೋಬೇಕಂತೆ."

ಮಗಳು ತುಳು ಕೇಳಿಸಿಕೊಂಡು ಕನ್ನಡದಲ್ಲಿ ಉತ್ತರಿಸುತ್ತಾಳೆ, ಅಷ್ಟೇ. ಅವಳ ಫೋನಿನಲ್ಲಿ ನನ್ನ ನಂಬರು ಮಾತ್ರ "ಅಮ್ಮೆರ್" ಅಂತ ಇದೆ.